ಕೆರೆ ದೋಣಿ ಕಡಲಿಗೆ ಇಳಿದದ್ದು

ಸೇತುವೆ ಉದ್ಘಾಟನೆಯಾದ ದಿನ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ದೋಣಿ ಅಕ್ಕ. ಬೇರೆಯವರಾಗಿದ್ದರೆ ಮುಖ ಊದಿಸಿಕೊಂಡು ಮನೆಯೊಳಗೆ ಕೂತಿರುತ್ತಿದ್ದರು. ಇಪ್ಪತ್ತೇಳು ವರ್ಷ ಆ ದೊಡ್ಡ ಕೆರೆಯ ಮೇಲೆ ಜನರನ್ನು ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ದಾಟಿಸಿದವಳ ಹೊಟ್ಟೆಯ ಮೇಲೆ ಹೊಡೆದ ಸೇತುವೆ ಅದು. ಆದರೆ ಹೆರಿಗೆ ನೋವು ತಿನ್ನುತ್ತಿದ್ದ ಹೆಂಗಸರನ್ನು ಗಾಳಿ ಎದ್ದ ನೀರಿನ ಮೇಲೆ ಮೂರು ಸಲ ದಾಟಿಸಿದವಳೂ ಅವಳೇ. ಆ ಮೂರು ಸಲವೂ ಮನಸ್ಸಿನಲ್ಲೇ ಒಂದು ಸೇತುವೆ ಕಟ್ಟಿ ಮುಗಿಸಿದ್ದಳು. ಈಗ ನಿಜವಾದ ಸೇತುವೆ ಬಂದಾಗ ಬೇಡ ಎನ್ನುವುದಕ್ಕೆ ಅವಳಿಗೆ ಬಾಯಿ ಬರಲಿಲ್ಲ.

ಮಾರನೆಯ ದಿನ ರೂಢಿಯಂತೆ ಬೆಳಿಗ್ಗೆ ಆರಕ್ಕೆ ದೋಣಿಯ ಹತ್ತಿರ ಹೋಗಿ ಕೂತಳು. ಒಂಬತ್ತರವರೆಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಒಂಬತ್ತೂವರೆಗೆ ಒಂದು ನಾಯಿ ಬಂದು ದೋಣಿಯನ್ನು ಮೂಸಿ ನೋಡಿ, ಅದೂ ಸೇತುವೆಯ ಕಡೆಗೇ ನಡೆಯಿತು.

ಅವಳ ಗಂಡ ದರ್ಜಿ. ದೋಣಿ ಕಟ್ಟುವವನ ಹಿರಿಯ ಮಗನಾಗಿ ಹುಟ್ಟಿಯೂ ನೀರು ಕಂಡರೆ ತಲೆ ಸುತ್ತುವ ಮನುಷ್ಯ. ಬಕೆಟ್ಟಿನ ನೀರು ಅಲುಗಿದರೂ ಗೋಡೆ ಹಿಡಿದುಕೊಳ್ಳುತ್ತಾರೆ ಎಂದು ಅವಳೇ ಎಲ್ಲರ ಮುಂದೆ ಹೇಳಿ ನಗುತ್ತಿದ್ದಳು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬ ಗಾದೆಯನ್ನು ಊರವರು ಈ ಜೋಡಿಗೆಂದೇ ಎತ್ತಿಟ್ಟಿದ್ದರು. ಆದರೆ ಗಂಡ ಹೆಂಡತಿ ಜಗಳವಾಡಿದ್ದನ್ನು ಕಂಡವರಿಲ್ಲ. ಅವನು ಅಂಗಡಿಯಲ್ಲಿ, ಅವಳು ನೀರಿನ ಮೇಲೆ, ಜಗಳಕ್ಕೆ ಪುರುಸೊತ್ತೆಲ್ಲಿ?

"ಬಿಡೆ, ನನ್ನ ಜೊತೆ ಅಂಗಡೀಲಿ ಕೂತ್ಕೋ. ಗುಂಡಿ ಹೊಲಿಯೋರು ಸಿಗ್ತಾನೇ ಇಲ್ಲ" ಎಂದ ದರ್ಜಿ. ಅವನು ಹೇಳಿದ್ದು ಪ್ರೀತಿಯಿಂದಲೇ.

ಅವಳು ಹನ್ನೊಂದು ದಿನ ಗುಂಡಿ ಹೊಲಿದಳು. ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ, ಬಟ್ಟೆಯ ಚೂರುಗಳ ನಡುವೆ, ಎದುರಿನ ಗೋಡೆ ನೋಡುತ್ತಾ. ಹನ್ನೆರಡನೆಯ ದಿನ ಒಬ್ಬ ಗಿರಾಕಿ ಹೊಸ ಅಂಗಿ ಹಿಡಿದುಕೊಂಡು ವಾಪಸ್ ಬಂದ. ಒಂದು ಗುಂಡಿ ಬದಲಾಯಿಸಬೇಕಿತ್ತಂತೆ, ಕತ್ತರಿ ಹಾಕಿದರೂ ಬರಲಿಲ್ಲವಂತೆ. ದರ್ಜಿ ಕನ್ನಡಕ ಏರಿಸಿ ನೋಡಿದರೆ, ಹೆಂಡತಿ ಪ್ರತಿ ಗುಂಡಿಯನ್ನೂ ದೋಣಿ ಕಟ್ಟುವ ಗಂಟು ಹಾಕಿ ಬಿಗಿದಿದ್ದಳು. ಗಂಡ ನಗು ತಡೆಯಲಾರದೆ ಯಂತ್ರದ ಮೇಲೆ ಬಗ್ಗಿದ. ಅವಳೂ ನಕ್ಕಳು. ಆಮೇಲೆ ಹಿತ್ತಲಿಗೆ ಹೋಗಿ, ಟ್ರೇಲರ್ ಮೇಲೆ ಏರಿಸಿಟ್ಟ ದೋಣಿಗೆ ಹಣೆ ಹಚ್ಚಿ ಅತ್ತಳು. ಐವತ್ತೆರಡು ವರ್ಷಕ್ಕೆ ತನ್ನ ಕೆಲಸ ಮುಗಿಯಿತು ಎಂಬುದು ಅವಳಿಗೆ ಆವತ್ತು ಅರ್ಥವಾಗಿತ್ತು.

ಆ ವಾರವೇ ಓರಗಿತ್ತಿಯ ಫೋನ್ ಬಂತು. ಓರಗಿತ್ತಿ ಎಂದರೆ ಗಂಡನ ತಮ್ಮನ ಹೆಂಡತಿ; ದೂರದ ಕಡಲ ತೀರದಲ್ಲಿದ್ದವಳು. ಅವಳ ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಇಬ್ಬರ ನಡುವೆ ಮಾತುಕತೆ ಅಷ್ಟಕ್ಕಷ್ಟೇ. ಕಾರಣ ಇದೇ ದೋಣಿ. ಮಾವ ತಮ್ಮ ಕೈಯಾರೆ ಅಲ್ಯೂಮಿನಿಯಂ ತಗಡು ಬಗ್ಗಿಸಿ ಕಟ್ಟಿದ ಈ ದೋಣಿಯನ್ನು, ನೀರೆಂದರೆ ಜೀವ ಬಿಡುತ್ತಿದ್ದ ಕಿರಿಯ ಮಗನಿಗೆ ಕೊಡಲಿಲ್ಲ. ಹಿರಿಯ ಸೊಸೆಗೆ ಕೊಟ್ಟರು. "ಅವನಿಗೆ ಧೈರ್ಯ ಜಾಸ್ತಿ, ಇವಳಿಗೆ ಭಯ ಇದೆ. ಜನರನ್ನ ದಾಟಿಸೋರಿಗೆ ಭಯ ಇರಬೇಕು" ಎಂದಿದ್ದರು. ಕಿರಿಯ ಮಗ ಮುನಿಸಿಕೊಂಡು ಮೀನುಗಾರರ ಜೊತೆ ಸಮುದ್ರಕ್ಕೆ ಹೋದ. ಹೋದವನು ಹಬೆಯಾಡುವ ಅನ್ನ ತಿನ್ನುವಷ್ಟು ಸುಖವಾಗಿಯೇ ಇದ್ದ, ಆದರೆ ಆ ಮುನಿಸನ್ನು ಹೆಂಡತಿಗೆ ಬಳುವಳಿಯಾಗಿ ಬಿಟ್ಟು ಹೋಗಿದ್ದ.

"ಅಕ್ಕ, ಅಲ್ಲಿ ನಿನಗೆ ದೋಣಿ ಇದೆ, ಕೆಲಸ ಇಲ್ಲ. ಇಲ್ಲಿ ಕೆಲಸ ಇದೆ, ದೋಣಿ ಇಲ್ಲ" ಎಂದಳು ಓರಗಿತ್ತಿ, ಕ್ಷೇಮ ಸಮಾಚಾರ ಕೂಡ ಕೇಳದೆ. "ದ್ವೀಪದಲ್ಲಿ ಹದಿನೈದು ಮನೆ. ದಾಟಿಸ್ತಿದ್ದ ಮುದುಕನ ಮಂಡಿ ಹೋಯ್ತು. ಬರ್ತೀಯೋ, ಅಲ್ಲೇ ಕೂತು ಕಾಜಾ ಹೊಲೀತೀಯೋ?"

"ಕಾಜಾ ಇನ್ನೂ ಕಲಿಸಿಲ್ಲ ಕಣೆ, ಗುಂಡಿಗೇ ನಿಂತಿದ್ದೀನಿ" ಎಂದಳು ದೋಣಿ ಅಕ್ಕ. ಅಷ್ಟು ಹೇಳುವುದರೊಳಗೆ ಅವಳ ಮನಸ್ಸು ಜೀಪಿಗೆ ಟ್ರೇಲರ್ ಸಿಕ್ಕಿಸುತ್ತಿತ್ತು.

ಮಳೆಗಾಲ ಮುಗಿಯುತ್ತಿದ್ದ ಹೊತ್ತಿಗೆ ಅವಳು ತೀರಕ್ಕೆ ಬಂದಳು. ಹಳೆಯ ಜೀಪು, ಅದರ ಹಿಂದೆ ಟ್ರೇಲರ್, ಟ್ರೇಲರಿನ ಮೇಲೆ ಇಪ್ಪತ್ತು ಜನ ಕೂರುವ ದೋಣಿ. ದೋಣಿಯ ಮೂಗಿಗೆ ಮಾವ ಹೊಡೆದಿದ್ದ ಅಂಗೈ ಅಗಲದ ಹಿತ್ತಾಳೆ ಪಟ್ಟಿ. ಇಪ್ಪತ್ತೇಳು ವರ್ಷ ವಾರಕ್ಕೊಮ್ಮೆ ತಿಕ್ಕಿ ತಿಕ್ಕಿ ಅದು ಕನ್ನಡಿಯಾಗಿತ್ತು. ಓರಗಿತ್ತಿ ಬಾಗಿಲಲ್ಲಿ ನಿಂತು ದೋಣಿಯನ್ನು ನೋಡಿದಳು, ಪಟ್ಟಿಯನ್ನು ನೋಡಿದಳು. ಒಳಗೆ ಕರೆದು ಊಟಕ್ಕೆ ಬಡಿಸಿದಳು.

ಎರಡು ಕೋಣೆಯ ಮನೆ. ಅಡುಗೆಮನೆಯ ಗೋಡೆಗೆ ಆರು ಬಿಂದಿಗೆ ಸಾಲಾಗಿ ನಿಂತಿದ್ದವು. ಎರಡು ದಿನಕ್ಕೊಮ್ಮೆ, ಒಂದು ಗಂಟೆ ಬೀದಿ ನಲ್ಲಿಯಲ್ಲಿ ನೀರು. ಓರಗಿತ್ತಿ ಬೆಳಿಗ್ಗೆ ಸಾಲಿನಲ್ಲಿ ನಿಂತು ಹಿಡಿದು ತಂದು, ಆಮೇಲೆ ದೋಣಿಗಟ್ಟೆಯ ಪಕ್ಕದ ಐಸ್ ಫ್ಯಾಕ್ಟರಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಮನೆಯ ಹಿಂದೆ ಒಂದು ಹಳ್ಳ ಹರಿಯುತ್ತಿತ್ತು, ತುಂಬಿ, ತಣ್ಣಗೆ.

ಊಟವಾದ ಮೇಲೆ ಓರಗಿತ್ತಿ ಬೆರಳೆತ್ತಿ ಹೇಳಿದಳು: "ಒಂದು ಮಾತು ಕೇಳಿಸ್ಕೋ ಅಕ್ಕ. ನಿನ್ನದು ಕೆರೆ ದೋಣಿ. ಉಪ್ಪು ನೀರು ಕಬ್ಬಿಣ ತಿನ್ನುತ್ತೆ, ಬೇರಿಂಗ್ ತಿನ್ನುತ್ತೆ, ಎಂಜಿನ್ ಹೊಟ್ಟೆ ಒಳಗೆ ಹೋಗಿ ಕೂರುತ್ತೆ. ಸಂಜೆ ಮೇಲೆ ಎಳೆದ ತಕ್ಷಣ ದೋಣಿ, ಟ್ರೇಲರ್, ಎಂಜಿನ್ ಎಲ್ಲಾನೂ ಸಿಹಿನೀರಲ್ಲಿ ತೊಳೀಬೇಕು. ಒಂದು ದಿನಾನೂ ತಪ್ಪಿಸಬಾರದು."

"ತಪ್ಪಿಸಲ್ಲ" ಎಂದಳು ದೋಣಿ ಅಕ್ಕ.

ತಪ್ಪಿಸಲೂ ಇಲ್ಲ. ಆದರೆ ಆ ಆರು ಬಿಂದಿಗೆಗಳನ್ನು ನೋಡಿದಾಗ ಅವಳಿಗೆ ಕರುಳು ಚುರ್ ಎಂದಿತ್ತು. ಹೆಂಗಸೊಬ್ಬಳು ಸಾಲಿನಲ್ಲಿ ನಿಂತು ಹೊತ್ತು ತಂದ ಕುಡಿಯುವ ನೀರನ್ನು ಎಂಜಿನ್ನಿಗೆ ಕುಡಿಸುವುದೇ? ಅವಳು ಹಿತ್ತಲಿಗೆ ಹೋಗಿ ಹಳ್ಳದ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದು ನೋಡಿದಳು. ಸಿಹಿಯಾಗಿತ್ತು. ಇನ್ನೇನು ಬೇಕು? ಮನೆಯ ನೀರು ಮನೆಗೆ, ಹಳ್ಳದ ನೀರು ದೋಣಿಗೆ. ಯಾರಿಗೂ ಹೊರೆಯಾಗದಂತೆ ಒಂದು ದಾರಿ ಹುಡುಕಿದೆ ಎಂದು ಒಳಗೊಳಗೇ ಬೀಗಿದಳು. ಓರಗಿತ್ತಿಗೆ ಹೇಳಲಿಲ್ಲ, ಇದರಲ್ಲಿ ಹೇಳುವುದೇನಿದೆ? ಓರಗಿತ್ತಿ ಸಂಜೆ ಮನೆಗೆ ಬರುವಷ್ಟರಲ್ಲಿ ತೊಳೆಯುವ ಕೆಲಸ ಮುಗಿದಿರುತ್ತಿತ್ತು.

ಕೆರೆಯಲ್ಲಿ ಬೆಳೆದವರ ತಲೆ ಹಾಗೆಯೇ ಓಡುತ್ತದೆ. ಕೆರೆಯ ನೀರಿಗೆ ಒಂದೇ ರುಚಿ. ಬೆಳಿಗ್ಗೆ ಹೇಗೋ ಸಂಜೆ ಹಾಗೆ, ಈ ವರ್ಷ ಹೇಗೋ ಮುಂದಿನ ವರ್ಷ ಹಾಗೆ. ಒಂದು ಸಲ ರುಚಿ ನೋಡಿದರೆ ಜೀವಮಾನಕ್ಕೆ ಸಾಕು.

ಊರಿನ ಆಡಳಿತ ಕಚೇರಿಯವರು ಮೂರು ತಿಂಗಳು ಪರೀಕ್ಷೆಗೆಂದು ಅನುಮತಿ ಕೊಟ್ಟರು. ಮೂರು ತಿಂಗಳಾದ ಮೇಲೆ ದೋಣಿ ತಪಾಸಣೆಯ ಅಧಿಕಾರಿ ಬಂದು ದೋಣಿ, ಎಂಜಿನ್, ಟ್ರೇಲರ್ ಮೂರನ್ನೂ ನೋಡುತ್ತಾನೆ. ಪಾಸಾದರೆ ಕಾಯಂ ಪರವಾನಗಿ. ಇಲ್ಲವಾದರೆ ಬಂದ ದಾರಿಗೆ ಸುಂಕವಿಲ್ಲ. ವಾಪಸ್ ಹೋಗಿ ಗುಂಡಿ ಹೊಲಿಯುವುದು. ದೋಣಿ ಅಕ್ಕ ಆ ಪತ್ರವನ್ನು ಮಡಚಿ ಜೀಪಿನ ಕನ್ನಡಿಯ ಹಿಂದೆ ಸಿಕ್ಕಿಸಿದಳು. ಪ್ರತಿ ದಿನ ಜೀಪು ಹತ್ತಿದಾಗ ಅದರ ಮೇಲೊಂದು ಕಣ್ಣು ಹಾಯುತ್ತಿತ್ತು.

ಕಡಲಿನ ಕೆಲಸ ಅವಳಿಗೆ ಹಿಡಿಸಿಬಿಟ್ಟಿತು. ಕೆರೆಯ ಪ್ರಯಾಣಿಕರು ಮೌನವಾಗಿ ಕೂರುವವರು. ದ್ವೀಪದವರು ದೋಣಿಗೆ ಕಾಲಿಡುವ ಮೊದಲೇ ಮಾತು ಶುರು ಮಾಡುವವರು. ಶಾಲೆಯ ಮಕ್ಕಳು ಮಗ್ಗಿ ಹೇಳುತ್ತಾ ದಾಟುತ್ತಿದ್ದರು. ಹದಿಮೂರರ ಮಗ್ಗಿ ಮುಗಿಯುವ ಹೊತ್ತಿಗೆ ದಡ. ಎದುರು ಗಾಳಿಯಿದ್ದರೆ ಹದಿನಾರರವರೆಗೂ ಹೋಗುತ್ತಿತ್ತು. ಮೀನು ಕೊಯ್ಯುವ ಕೆಲಸದ ಹೆಂಗಸರು ಅವಳ ಮನೆಯ ಕಥೆಯನ್ನೆಲ್ಲ ಒಂದೇ ವಾರದಲ್ಲಿ ಬಗೆದು ತೆಗೆದರು. "ಗಂಡನನ್ನ ಬಿಟ್ಟು ಬಂದಿದ್ದೀರಲ್ಲಾ, ಬೇಜಾರಾಗಲ್ವಾ?" ಎಂದರೆ, "ಅವರಿಗೆ ಯಂತ್ರ ಇದೆ, ನನಗೆ ಎಂಜಿನ್ ಇದೆ. ದಿನಾ ಸಾಯಂಕಾಲ ಫೋನಲ್ಲಿ ಎರಡರ ಆರೋಗ್ಯಾನೂ ವಿಚಾರಿಸ್ಕೋತೀವಿ" ಎನ್ನುತ್ತಿದ್ದಳು.

ಸಮುದ್ರದ ನೀರು ಏರುವುದು ಇಳಿಯುವುದನ್ನೂ ದೋಣಿಗಟ್ಟೆಯಲ್ಲಿ ಬೇಗ ಕಲಿತಳು. ಯಾವ ಹೊತ್ತಿಗೆ ಎಷ್ಟು ಮೆಟ್ಟಿಲು ಮುಳುಗುತ್ತದೆ ಎಂದು ಬೆರಳ ತುದಿಯಲ್ಲಿ ಹೇಳುತ್ತಿದ್ದಳು. ಆದರೆ ಅದೇ ಉಬ್ಬರ ಊರು ಸುತ್ತಿಕೊಂಡು ತನ್ನ ಹಿತ್ತಲಿಗೂ ಬರುತ್ತದೆಂದು ಹೊಳೆಯಲಿಲ್ಲ. ಹಳ್ಳ ಎಂದರೆ ಇಳಿಜಾರಿಗೆ ಹರಿಯುವುದು. ಮೇಲಕ್ಕೆ ಹರಿದ ಹಳ್ಳವನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಮಳೆ ನಿಂತು, ಮೇಲಿನಿಂದ ಬರುವ ನೀರು ಸಣ್ಣಗಾಗಿ, ಅಷ್ಟರಮಟ್ಟಿಗೆ ಕಡಲು ಹಳ್ಳದೊಳಗೆ ಕಾಲು ಚಾಚಿತು. ಹಳ್ಳ ತುಂಬಿದ್ದು ಕಂಡಾಗಲೆಲ್ಲ, ಮೇಲೆ ಎಲ್ಲೋ ಮಳೆಯಾಗಿರಬೇಕು ಎಂದುಕೊಂಡು ಅವಳು ಖುಷಿಯಾಗಿ ಇನ್ನೆರಡು ಬಕೆಟ್ ಜಾಸ್ತಿ ಸುರಿದಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮಕ್ಕಳಿಗೆ ಹೇಳುತ್ತೇವೆ, ತಿಳಿಯಾಗಿರುವುದೆಲ್ಲ ಸಿಹಿನೀರಲ್ಲ ಎಂದು ಅವಳಿಗೆ ಹೇಳುವವರು ಇರಲಿಲ್ಲ.

ಎರಡನೆಯ ತಿಂಗಳ ಹೊತ್ತಿಗೆ ಬೋಲ್ಟುಗಳ ಸುತ್ತ ಬಿಳಿ ಹುಡಿ ಕಾಣಿಸಿತು. ಸುಣ್ಣದ ಧೂಳು ಎಂದು ಒರೆಸಿದಳು. ಟ್ರೇಲರಿನ ಎಡಗಾಲಿ ಕುಂಯ್‌ಗುಟ್ಟತೊಡಗಿತು. ರಸ್ತೆಯ ಮರಳು ಎಂದುಕೊಂಡಳು. ಎಂಜಿನ್ ತಣ್ಣಗಿದೆ ಎಂಬುದಕ್ಕೆ ಗುರುತಾಗಿ ಅದರ ಹಿಂಬದಿಯಿಂದ ಚಿಮ್ಮುವ ನೀರಿನ ಎಳೆ ಬೆರಳಿನಷ್ಟಿದ್ದದ್ದು ದಾರದಷ್ಟಾಯಿತು. ಅದಕ್ಕೆ ಮಾತ್ರ ಅವಳಿಗೆ ಕಾರಣ ಹೊಳೆಯಲಿಲ್ಲ.

ತಪಾಸಣೆಗೆ ಹದಿನೆಂಟು ದಿನ ಉಳಿದಿದ್ದಾಗ, ಬೆಳಿಗ್ಗೆ ಏಳಕ್ಕೆ, ದೋಣಿ ಇಳಿಸುವ ಇಳಿಜಾರಿನ ನಟ್ಟನಡುವೆ ಎಡಗಾಲಿ ಕಿರ್ರೆಂದು ಕಚ್ಚಿ ನಿಂತಿತು. ಜೀಪು ಮುಂದೆ ಎಳೆದರೂ ಇಲ್ಲ, ಹಿಂದೆ ತಳ್ಳಿದರೂ ಇಲ್ಲ. ದ್ವೀಪದ ದಡದಲ್ಲಿ ಮಕ್ಕಳು ಚೀಲ ಹೊತ್ತು ನಿಂತಿದ್ದು ಚುಕ್ಕೆ ಚುಕ್ಕೆಯಾಗಿ ಕಾಣುತ್ತಿತ್ತು. ಆವತ್ತು ಒಂದು ಮೀನಿನ ದೋಣಿಯವರು ಅವರನ್ನು ದಾಟಿಸಿದರು.

ಮೆಕ್ಯಾನಿಕ್ ಬಂದ. ನಲವತ್ತು ವರ್ಷ ಎಂಜಿನ್ನುಗಳ ಸದ್ದು ಕೇಳಿ ಅರ್ಧ ಕಿವುಡನಾದ ಮನುಷ್ಯ; ತನಗೆ ಕೇಳಿಸದ್ದು ಬೇರೆಯವರಿಗೂ ಕೇಳಿಸುವುದಿಲ್ಲ ಎಂದು ಕಿರುಚಿಯೇ ಮಾತಾಡುವವನು. ಗಾಲಿಯ ನಡುವಿನ ಮುಚ್ಚಳ ತೆಗೆದ. ಗ್ರೀಸ್ ಇರಬೇಕಾದ ಜಾಗದಿಂದ ಕೆಂಪು ಕೆಸರು ಬಳಬಳನೆ ಇಳಿಯಿತು. ಬೇರಿಂಗಿನ ಗುಂಡುಗಳು ಹುಳುಕು ಹಲ್ಲುಗಳ ಹಾಗೆ ಕೈಗೆ ಬಂದವು.

"ಅಕ್ಕಾ! ಯಾವತ್ತಾದ್ರೂ ಒಂದು ಚೊಂಬು ನೀರು ಹಾಕಿದ್ದೀರಾ ಇದಕ್ಕೆ?" ದೋಣಿಗಟ್ಟೆಯ ಅಷ್ಟೂ ಜನ ತಿರುಗಿ ನೋಡಿದರು.

"ದಿನಾ ತೊಳೆದಿದ್ದೀನಿ! ಒಂದು ದಿನಾನೂ ತಪ್ಪಿಸಿಲ್ಲ!" ಅವಳೂ ಕಿರುಚಿದಳು. ಮಾಡದ ತಪ್ಪಿಗೆ ಬೈಸಿಕೊಂಡವರ ಸಿಟ್ಟು ಅದು.

"ತೊಳೆದಿದ್ರೆ ಹೀಗಾಗ್ತಿರಲಿಲ್ಲ. ಕೆರೆ ದೋಣಿ ಕೆರೆಗೇ ಸರಿ. ವಾಪಸ್ ಕರ್ಕೊಂಡ್ ಹೋಗಿ" ಎಂದು ಅವನು ಕೈ ಒರೆಸಿಕೊಂಡ.

ಸದ್ದು ಕೇಳಿ ಐಸ್ ಫ್ಯಾಕ್ಟರಿಯಿಂದ ಓರಗಿತ್ತಿ ಓಡಿ ಬಂದಿದ್ದಳು, ರಬ್ಬರ್ ಬೂಟು, ಕೈಗವಸು ಸಮೇತ. ಕೆಂಪು ಕೆಸರನ್ನು ನೋಡಿದಳು. ದೋಣಿ ಅಕ್ಕನ ಮುಖವನ್ನು ನೋಡಿದಳು. ಆ ಮುಖ ಸುಳ್ಳು ಹೇಳುತ್ತಿರಲಿಲ್ಲ. ಆಮೇಲೆ ಅವಳು ಮೆಲ್ಲಗೆ ಕೇಳಿದಳು: "ಅಕ್ಕ, ನಮ್ಮನೆ ಬಿಂದಿಗೆ ನೀರು ಒಂದು ದಿನಾನೂ ಕಮ್ಮಿ ಆಗಿಲ್ಲ. ನೀನು ತೊಳೆದಿದ್ದು ಯಾವ ನೀರಲ್ಲಿ?"

"ಹಿತ್ತಲಿನ ಹಳ್ಳದಲ್ಲಿ. ಸಿಹಿನೀರು. ನಾನೇ ಕುಡಿದು ನೋಡಿದ್ದೀನಿ."

"ಯಾವತ್ತು?"

"ಬಂದ ದಿನ."

ಓರಗಿತ್ತಿ ಅವಳ ರಟ್ಟೆ ಹಿಡಿದು ಮನೆಯವರೆಗೂ ನಡೆಸಿಕೊಂಡು ಹೋದಳು. ಹಿತ್ತಲಿನ ಕಲ್ಲಿನ ಮೇಲೆ ಕುಕ್ಕುರುಗಾಲಲ್ಲಿ ಕೂತು ಕೈಗವಸು ತೆಗೆದು ಹಳ್ಳದ ನೀರು ಎತ್ತಿದಳು. "ಕುಡಿ" ಎಂದಳು.

ದೋಣಿ ಅಕ್ಕ ಕುಡಿದಳು. ಗಂಟಲಿಗೆ ಹೋಗುವ ಮೊದಲೇ ಉಗುಳಿದಳು. ಮತ್ತೊಂದು ಬೊಗಸೆ ಎತ್ತಿ ನಾಲಗೆ ಅದ್ದಿದಳು, ಮೊದಲಿನದು ಸುಳ್ಳಿರಬಹುದೇನೋ ಎಂಬಂತೆ. ಅದೂ ಉಪ್ಪು. ಎರಡು ತಿಂಗಳು, ಒಂದು ದಿನವೂ ತಪ್ಪಿಸದೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು, ಉಪ್ಪನ್ನು ಉಪ್ಪಿನಿಂದ ತೊಳೆದಿದ್ದಳು.

"ನಲ್ಲಿ ನೀರು ಯಾಕೆ ಮುಟ್ಟಲಿಲ್ಲ?" ಓರಗಿತ್ತಿಯ ದನಿ ಗಡುಸಾಗಿತ್ತು. "ನನ್ನ ನೀರು ನಿನಗೆ ಬೇಡವಾಯ್ತಾ? ಈ ಮನೇಲಿ ನೀನು ಇನ್ನೂ ನೆಂಟಳಾ?"

"ನೀನು ಹೊತ್ತು ತರೋ ನೀರು ಕಣೆ" ಎಂದಳು ದೋಣಿ ಅಕ್ಕ. "ಒಂದು ದೋಣಿಗೋಸ್ಕರ ಮೊದಲೇ ನಿಮ್ಮನೇಗೆ ಅನ್ಯಾಯ ಮಾಡಿದ್ದೀನಿ ಅನ್ನಿಸ್ತಿತ್ತು. ಅದೇ ದೋಣಿಗೆ ನಿನ್ನ ಕುಡಿಯೋ ನೀರೂ ಸುರೀಲಾ?"

ಇಷ್ಟು ವರ್ಷ ನಾಲಗೆಯ ತುದಿಯಲ್ಲಿಟ್ಟುಕೊಂಡಿದ್ದ ಮಾತನ್ನು ಎದುರಿನವಳೇ ಆಡಿಬಿಟ್ಟರೆ ಏನು ಮಾಡುವುದು? ಓರಗಿತ್ತಿ ಕಣ್ಣು ಒರೆಸಿಕೊಂಡು, "ಉಪ್ಪು ತಿಂದವಳು ನೀರು ಕುಡಿಯಲೇಬೇಕು, ಅನುಭವಿಸು" ಎಂದಳು. ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಕಿಸಕ್ಕೆಂದಳು. ಇಬ್ಬರೂ ಹಿತ್ತಲಿನ ಕಲ್ಲಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು, ನಡುವೆ ಅತ್ತರು. ಅಕ್ಕಪಕ್ಕದವರು ಇಣುಕಿ ನೋಡಿ, ಇವರಿಗೇನೋ ಆಗಿದೆ ಎಂದುಕೊಂಡು ಹೋದರು.

ನಕ್ಕರೆ ಬೇರಿಂಗ್ ತಿರುಗುವುದಿಲ್ಲ. ಹದಿನೆಂಟು ದಿನವಿತ್ತು, ಮತ್ತು ದಿನಕ್ಕೊಂದು ಡ್ರಮ್ಮಿನಷ್ಟು ಸಿಹಿನೀರು ಬೇಕಿತ್ತು. ಆರು ಬಿಂದಿಗೆಯಲ್ಲಿ ಅದು ಆಗುವ ಮಾತಲ್ಲ, ಮನಸ್ಸಿದ್ದರೂ ಸಾಲದು. ದೋಣಿ ಅಕ್ಕ ಮೂಲೆಯಲ್ಲಿ ಮೊಣಕಾಲು ಅಪ್ಪಿಕೊಂಡು ಕೂತಳು. ದರ್ಜಿಗೆ ಫೋನ್ ಮಾಡಿ, ಸ್ಟೂಲು ಖಾಲಿ ಇದೆಯಾ ಎಂದು ಕೇಳಬೇಕು ಅನ್ನಿಸುತ್ತಿತ್ತು.

ಓರಗಿತ್ತಿ ಬೂಟು ಬಿಚ್ಚುತ್ತಿದ್ದವಳು ಬೂಟು ಹಿಡಿದುಕೊಂಡೇ ನಿಂತುಬಿಟ್ಟಳು. ಬೂಟಿನಿಂದ ತಣ್ಣನೆಯ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಅಯ್ಯೋ ನನ್ನ ತಲೆಗಿಷ್ಟು! ಹನ್ನೆರಡು ವರ್ಷದಿಂದ ಅದರ ಮೇಲೇ ನಡೀತಿದ್ದೀನಲ್ಲಾ!"

ಐಸ್ ಫ್ಯಾಕ್ಟರಿಯಲ್ಲಿ ಆಳೆತ್ತರದ ಐಸ್ ಗಟ್ಟಿಗಳನ್ನು ಮರದ ಹಲಗೆಯ ಮೇಲೆ ಸಾಲಾಗಿ ಇಡುತ್ತಾರೆ. ಐಸ್ ಸಿಹಿನೀರಿನದು. ಹಗಲೂ ರಾತ್ರಿ ಕರಗಿ, ಹಲಗೆಯ ಸಂದಿಯಿಂದ ಇಳಿದು, ಸಣ್ಣ ಕಾಲುವೆಯಲ್ಲಿ ಹರಿದು, ಒಂದು ಕೊಳವೆಯಿಂದ ಹೊರಗಿನ ಚರಂಡಿಗೆ ಬೀಳುತ್ತದೆ. ಮೀನಿಗೆ ಮುಟ್ಟಿಸುವ ಮುಂಚಿನ ನೀರು, ಕುಡಿದರೂ ಏನೂ ಆಗದು. ದೋಣಿ ಇಳಿಸುವ ಇಳಿಜಾರಿನಿಂದ ಅಲ್ಲಿಗೆ ಮೂವತ್ತು ಹೆಜ್ಜೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಫ್ಯಾಕ್ಟರಿಯ ಮಾಲೀಕ, "ಚರಂಡಿ ನೀರಿಗೂ ಅರ್ಜಿ ಹಾಕ್ತೀರಲ್ಲಮ್ಮ, ತಗೊಂಡ್ ಹೋಗಿ" ಎಂದು ನಕ್ಕು ಬಿಟ್ಟ. ಕೊಳವೆಯ ಕೆಳಗೆ ಒಂದು ನೀಲಿ ಡ್ರಮ್ ಬಂತು. ಬೆಳಿಗ್ಗೆ ಇಟ್ಟರೆ ಮಧ್ಯಾಹ್ನಕ್ಕೆ ತುಂಬುತ್ತಿತ್ತು. ಮೊದಲ ದಿನ ದೋಣಿ ಅಕ್ಕ ಅದರ ರುಚಿ ನೋಡಿದಳು. ಎರಡನೆಯ ದಿನವೂ ನೋಡಿದಳು. ಮೂರನೆಯ ದಿನ ಓರಗಿತ್ತಿ, "ಐಸ್ ಉಪ್ಪಾಗಲ್ಲ ಕಣೇ ಅಕ್ಕ" ಎಂದಳು. "ಹಳ್ಳಾನೂ ಉಪ್ಪಾಗಲ್ಲ ಅಂದ್ಕೊಂಡಿದ್ದೆ" ಎಂದು ಅವಳು ಮತ್ತೆ ಬೆರಳು ನೆಕ್ಕಿದಳು.

ವಾಪಸ್ ಹೋಗಿ ಎಂದ ಮೆಕ್ಯಾನಿಕ್ ಹಳ್ಳದ ಕಥೆ ಕೇಳಿ ಮನಸ್ಸು ಬದಲಾಯಿಸಿದ. ದಿನಾ ತೊಳೆದದ್ದು ನಿಜ ಎಂದು ಗೊತ್ತಾದ ಮೇಲೆ ಅವನಿಗೆ ಅವಳ ಮೇಲೆ ಒಂದು ಬಗೆಯ ಗೌರವ ಬಂದಿತ್ತು; ಸೋಮಾರಿಗಳನ್ನು ಕಂಡರೆ ಆಗದ ಮನುಷ್ಯ, ಪೆದ್ದುತನವನ್ನು ಕ್ಷಮಿಸಬಲ್ಲವನಾಗಿದ್ದ. ಎಂಜಿನ್ ಬಿಚ್ಚಿ ಒಳಗಿನ ನೀರಿನ ದಾರಿಗಳಿಂದ ಹರಳುಗಟ್ಟಿದ ಉಪ್ಪನ್ನು ತಂತಿಯಿಂದ ಕೆರೆದು ತೆಗೆದ. ಎರಡೂ ಗಾಲಿಗೆ ಹೊಸ ಬೇರಿಂಗ್ ಕೂರಿಸಿ, ನೀರಿಗೆ ಜಗ್ಗದ ನೀಲಿ ಗ್ರೀಸ್ ತುಂಬಿದ. "ಕೆರೆ ಬುದ್ಧಿ ಬಿಡಿ ಅಕ್ಕಾ! ರಸ್ತೆ ಮೇಲೆ ಓಡಿ ಬಿಸಿಯಾದ ಗಾಲೀನ ಹಾಗೇ ನೀರಿಗೆ ಇಳಿಸಿದ್ರೆ ಅದು ದಾಹ ಆದೋರ ಥರ ನೀರು ಹೀರುತ್ತೆ. ಕಾಲು ಗಂಟೆ ನಿಲ್ಲಿಸಿ. ಕೈ ಇಟ್ಟು ತಣ್ಣಗಾಗಿದ್ಯಾ ನೋಡಿ. ಆಮೇಲೆ ಇಳಿಸಿ!"

ಆಮೇಲೆ ಅವನ ಕಣ್ಣು ದೋಣಿಯ ಮೂಗಿನ ಮೇಲೆ ಬಿತ್ತು. "ಇದನ್ನ ತೆಗೀಬೇಕು."

"ಅದು ಮಾವ ಹೊಡೆದಿದ್ದು" ಎಂದಳು ದೋಣಿ ಅಕ್ಕ.

ಅವನು ಉಳಿಯಿಂದ ಹಿತ್ತಾಳೆ ಪಟ್ಟಿಯ ಒಂದು ತುದಿ ಎಬ್ಬಿಸಿ ತೋರಿಸಿದ. ಕೆಳಗಿನ ತಗಡು ಗೆದ್ದಲು ತಿಂದ ಬಾಗಿಲಿನಂತಾಗಿತ್ತು. ಉಪ್ಪು ನೀರಿನಲ್ಲಿ ಹಿತ್ತಾಳೆಯೂ ಅಲ್ಯೂಮಿನಿಯಮ್ಮೂ ಒಟ್ಟಿಗೆ ಬಾಳುವುದಿಲ್ಲವಂತೆ. ಹಿತ್ತಾಳೆ ಹೊಳೆಯುತ್ತಲೇ ಇರುತ್ತದೆ, ಪಕ್ಕದ್ದನ್ನು ತಿನ್ನುತ್ತಲೂ ಇರುತ್ತದೆ. ಮಾವ ಕೆರೆಗೆಂದು ಪ್ರೀತಿಯಿಂದ ತೊಡಿಸಿದ ಒಡವೆ ಕಡಲಿನಲ್ಲಿ ಹಲ್ಲು ಮೂಡಿಸಿಕೊಂಡಿತ್ತು. ಅವಳು ತಲೆಯಾಡಿಸಿದಳು. ಪಟ್ಟಿ ಕಳಚಿತು, ತೂತು ಬೀಳುವಷ್ಟು ಸವೆದ ಜಾಗಕ್ಕೆ ಹೊಸ ತಗಡು ಕೂತಿತು. ಎಂಜಿನ್ನಿನ ಹತ್ತಿರ, ನೀರಿನೊಳಗೆ ಇರುವ ಹಾಗೆ, ಮೆಕ್ಯಾನಿಕ್ ಒಂದು ಸಣ್ಣ ಸತುವಿನ ಗಟ್ಟಿ ಬಿಗಿದ.

"ಇದ್ಯಾಕೆ?"

"ತಿನ್ನೋಕೆ ಉಪ್ಪಿಗೆ ಏನಾದ್ರೂ ಬೇಕಲ್ಲಾ! ಮೊದಲು ಇದನ್ನ ತಿನ್ನುತ್ತೆ. ಇದು ಕರಗೋವರೆಗೂ ದೋಣಿಗೆ ಏನೂ ಆಗಲ್ಲ. ಕರಗಿದ ಮೇಲೆ ಇನ್ನೊಂದು ಹಾಕೋದು!"

"ಅಂದ್ರೆ ಮನೆಗೆ ಬಂದ ಸೊಸೆ ಇದ್ದ ಹಾಗೆ" ಎಂದಳು ಓರಗಿತ್ತಿ. ಮೆಕ್ಯಾನಿಕ್ಕಿಗೆ ಕೇಳಿಸಲಿಲ್ಲ. ಇನ್ನೊಬ್ಬ ಸೊಸೆಗೆ ಚೆನ್ನಾಗಿ ಕೇಳಿಸಿತು.

ಹಿತ್ತಾಳೆ ಪಟ್ಟಿಯನ್ನು ದೋಣಿ ಅಕ್ಕ ಒರೆಸಿ ಓರಗಿತ್ತಿಯ ಕೈಗೆ ಕೊಟ್ಟಳು. ಓರಗಿತ್ತಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮನೆಯ ಬಾಗಿಲಿನ ಮೇಲೆ ಎರಡು ಮೊಳೆ ಹೊಡೆದು ಕೂರಿಸಿದಳು. "ದೋಣಿಯ ಮೂಗಾದ್ರೂ ನಮ್ಮನೆ ಪಾಲಿಗೆ ಬಂತು" ಎಂದಳು. ಆ ಮಾತಿನಲ್ಲಿ ಕೊಂಕು ಇರಲಿಲ್ಲ, ಇದ್ದದ್ದು ಗಂಡನ ನೆನಪು.

ಉಳಿದದ್ದು ಟ್ರೇಲರಿನ ಕಬ್ಬಿಣದ ಚೌಕಟ್ಟು. ತಂತಿ ಬ್ರಷ್ಷಿನಿಂದ ಉಜ್ಜಿ ಉಜ್ಜಿ ಇಬ್ಬರ ಅಂಗೈಯಲ್ಲೂ ಬೊಬ್ಬೆ ಎದ್ದವು. ಹಿಂದಿನ ಅಡ್ಡಪಟ್ಟಿಯ ಒಂದು ಮೂಲೆಯಲ್ಲಿ ತುಕ್ಕು ಆಳಕ್ಕೆ ಇಳಿದಿತ್ತು. ಮುರಿಯುವಂಥದ್ದಲ್ಲ, ಆದರೆ ನೋಡಲು ಭಯವಾಗುವಂಥದ್ದು.

"ಎರಡು ಕೈ ಬಣ್ಣ ಬಳಿದುಬಿಡಿ" ಎಂದ ಮೆಕ್ಯಾನಿಕ್, ಗುಟ್ಟು ಹೇಳುವಂತೆ, ಬೀದಿಗೆಲ್ಲ ಕೇಳುವ ಹಾಗೆ. "ಅಧಿಕಾರಿಗೆ ಕಾಣ್ಸಲ್ಲ!"

ದೋಣಿ ಅಕ್ಕ ಆ ದಿನವೆಲ್ಲ ಬಣ್ಣದ ಡಬ್ಬಿಯನ್ನು ಪಕ್ಕದಲ್ಲಿಟ್ಟುಕೊಂಡು ಯೋಚಿಸಿದಳು. ಆ ಮೂಲೆ ಒಂದೇ ಅವಳನ್ನು ಸ್ಟೂಲಿಗೆ ವಾಪಸ್ ಕಳಿಸಬಹುದಿತ್ತು. ಕುಂಚ ಅದ್ದಿದರೆ ಅರ್ಧ ಗಂಟೆಯ ಕೆಲಸ. ಆದರೆ ಕಣ್ಣಿಗೆ ಚೆನ್ನಾಗಿ ಕಂಡದ್ದನ್ನು ನಂಬಿ ತಾನೇ ಎರಡು ತಿಂಗಳು ಹಾಳಾದದ್ದು? ಜನರನ್ನು ದಾಟಿಸುವವರಿಗೆ ಭಯ ಇರಬೇಕು ಎಂದ ಮಾವನ ಮಾತು ನೆನಪಾಯಿತು. ಉಳಿದ ಭಾಗಕ್ಕೆಲ್ಲ ಬಣ್ಣ ಬಳಿದಳು. ಆ ಮೂಲೆಯನ್ನು ಹಾಗೇ ಬಿಟ್ಟಳು.

ತಪಾಸಣೆಯ ದಿನ ಅಧಿಕಾರಿ ಒಂದು ಪುಟ್ಟ ಸುತ್ತಿಗೆ ಹಿಡಿದುಕೊಂಡು ಬಂದ. ಮೀನಿನ ಹೆಂಗಸರು ಬುಟ್ಟಿ ಇಳಿಸಿ ಸುತ್ತ ನಿಂತರು. ಅವನು ದೋಣಿಗೆ ಟಣ್ ಟಣ್ ಎಂದು ಬಡಿದ, ಎಂಜಿನ್ ಓಡಿಸಿ ಹಿಂಬದಿಯ ನೀರಿನ ಎಳೆ ನೋಡಿದ. ಮತ್ತೆ ಬೆರಳಿನಷ್ಟು ದಪ್ಪವಾಗಿತ್ತು. ಟ್ರೇಲರಿನ ಸುತ್ತ ಬಂದು ಆ ಮೂಲೆಯಲ್ಲಿ ನಿಂತ.

"ಎಲ್ಲಾ ಕಡೆ ಬಣ್ಣ ಬಳಿದು ಇದನ್ನ ಯಾಕೆ ಬಿಟ್ಟಿದ್ದೀರಿ?"

"ನಿಮಗೆ ಕಾಣ್ಲಿ ಅಂತ ಸರ್. ಇದು ಕೆರೆ ದೋಣಿ. ನನಗೆ ಕಡಲು ಗೊತ್ತಿರಲಿಲ್ಲ. ಎರಡು ತಿಂಗಳು ಸಿಹಿನೀರು ಅಂದ್ಕೊಂಡು ಉಪ್ಪು ನೀರಲ್ಲೇ ತೊಳೆದೆ." ಅವಳು ಒಂದು ಡಬ್ಬಿ ಮುಂದಿಟ್ಟಳು. ಅದರಲ್ಲಿ ಹಳೆಯ ಬೇರಿಂಗ್, ಕೆಂಪು ಕೆಸರಿನ ಸಮೇತ. "ಮುಚ್ಚಿಟ್ರೆ ನಿಮಗೂ ಕಾಣಲ್ಲ, ನಾಳೆ ನನಗೂ ಕಾಣಲ್ಲ. ಮಕ್ಕಳು ಕೂರೋ ದೋಣಿ."

ಮೆಕ್ಯಾನಿಕ್ ಹಣೆ ಚಚ್ಚಿಕೊಂಡ. ಅಧಿಕಾರಿ ಬಗ್ಗಿ ಆ ಮೂಲೆಗೆ ಸುತ್ತಿಗೆಯಿಂದ ಒಂದು ಬಿಟ್ಟ, ಎರಡು ಬಿಟ್ಟ, ಮೂರನೆಯದನ್ನು ಜೋರಾಗಿಯೇ ಬಿಟ್ಟ. ಕಬ್ಬಿಣ ಗಟ್ಟಿಯಾಗಿ ಮಾರ್ದನಿ ಕೊಟ್ಟಿತು.

"ಈಗ ತೊಳೆಯೋದು ಯಾವ ನೀರಲ್ಲಿ?"

ಅವಳು ನೀಲಿ ಡ್ರಮ್ ತೋರಿಸಿದಳು. ಅಧಿಕಾರಿ ಹತ್ತಿರ ಹೋಗಿ ಬೆರಳದ್ದಿ ನಾಲಗೆಗೆ ಮುಟ್ಟಿಸಿಕೊಂಡ. ಮುಖದಲ್ಲಿ ಏನೂ ತೋರಿಸದೆ, ಜೀಪಿನ ಮುಂಭಾಗದ ಮೇಲೆ ಕಾಗದ ಹರಡಿ ಬರೆಯತೊಡಗಿದ. "ಮುಂದಿನ ಮಳೆಗಾಲದ ಒಳಗೆ ಸತು ಲೇಪನದ ಚೌಕಟ್ಟು ಹಾಕಿಸಬೇಕು. ಅಲ್ಲೀವರೆಗೂ ತಿಂಗಳಿಗೊಂದು ಸಲ ಈ ಮೂಲೆ ನಾನೇ ಬಂದು ನೋಡ್ತೀನಿ." ತಲೆಯೆತ್ತಿದ. "ದ್ವೀಪದವರಿಗೆ ಹೇಳಿಬಿಡಿ, ದೋಣಿ ಇಲ್ಲೇ ಇರುತ್ತೆ. ಕಾಯಂ ವಿಳಾಸ ಏನಂತ ಬರೀಲಿ?"

ಉತ್ತರ ಹೇಳಿದವಳು ಓರಗಿತ್ತಿ: "ನಮ್ಮನೇದೇ ಬರೀರಿ ಸರ್. ಬಾಗಿಲ ಮೇಲೆ ಹಿತ್ತಾಳೆ ಪಟ್ಟಿ ಇರೋ ಮನೆ."

ಸಂಜೆ ಫೋನಿನಲ್ಲಿ ಅವಳು ಗಂಡನಿಗೆ, "ರೀ, ನಿಮ್ಮ ಗುಂಡಿ ನೀವೇ ಹೊಲ್ಕೊಳ್ಳಿ" ಎಂದಷ್ಟೇ ಹೇಳಿದಳು. ಆ ಕಡೆ ಯಂತ್ರದ ಸದ್ದು ನಿಂತಿತು. ದರ್ಜಿ ಕೇಳಿದ: "ಅಲ್ಲಿ ಜನ ಬಟ್ಟೆ ಹಾಕ್ಕೋತಾರಾ?"

"ಹಾಕ್ಕೋತಾರೆ. ಉಪ್ಪು ಗಾಳಿಗೆ ಬೇಗ ಹರಿಯುತ್ತೆ ಕೂಡ."

ಮುಂದಿನ ಮಳೆಗಾಲ ಹಿಡಿದ ಮೊದಲ ವಾರ ಟ್ರೇಲರ್ ಕೆರೆಯ ಊರಿಗೆ ಹೋಗಿ ಬಂತು. ಹೊಳೆಯುವ ಹೊಸ ಚೌಕಟ್ಟು. ಅದರ ಮೇಲೆ ದೋಣಿಯ ಬದಲು ಹೊಲಿಗೆ ಯಂತ್ರ, ಕತ್ತರಿಸುವ ಮೇಜು, ಸ್ಟೂಲು. ಜೀಪಿನಲ್ಲಿ ದೋಣಿ ಅಕ್ಕನ ಪಕ್ಕ ದರ್ಜಿ, ಕಡಲು ಕಂಡಾಗಿನಿಂದ ಕಣ್ಣು ಮುಚ್ಚಿಕೊಂಡು. ಮನೆ ಸೇರಿ ಯಂತ್ರ ಇಳಿಸಿ, ಕಿಟಕಿಯ ಪಕ್ಕ ಕೂರಿಸಿ ಆಯಿತು. ದರ್ಜಿ ಕೈಕಾಲು ತೊಳೆಯಲು ಹಿತ್ತಲಿಗೆ ಹೋದ. ಮೂರು ದಿನದ ಮಳೆಗೆ ಹಳ್ಳ ತುಂಬಿ ಹರಿಯುತ್ತಿತ್ತು. ಓರಗಿತ್ತಿಯರಿಬ್ಬರೂ ಟ್ರೇಲರ್ ತೊಳೆಯಲೆಂದು ಐಸ್ ಫ್ಯಾಕ್ಟರಿಯಿಂದ ತಂದ ಡ್ರಮ್ಮನ್ನು ಅಂಗಳದಲ್ಲಿ ಉರುಳಿಸುತ್ತಿದ್ದರು.

ಹಿಂದಿನಿಂದ ದರ್ಜಿಯ ಉತ್ಸಾಹದ ಕೂಗು ಬಂತು. "ಏ, ಬಾರೇ ಇಲ್ಲಿ! ಅಷ್ಟು ದೂರದಿಂದ ಯಾಕೆ ನೀರು ಹೊರ್ತೀರಿ? ನಾನೇ ಕುಡಿದು ನೋಡಿದೆ, ಇದು ಸಿಹಿನೀರು ಕಣೇ!"

ಇಬ್ಬರೂ ಡ್ರಮ್ ಬಿಟ್ಟು ಒಬ್ಬರ ಮುಖ ಒಬ್ಬರು ನೋಡಿದರು. ದೋಣಿ ಅಕ್ಕ ನಗು ಹತ್ತಿಕ್ಕಿಕೊಂಡು ಹಿತ್ತಲಿನ ಕಡೆ ತಿರುಗಿ ಕೂಗಿದಳು:

"ಹೌದು ರೀ, ಇವತ್ತು ಸಿಹಿ! ನಾಳೇನೂ ಕುಡಿದು ನೋಡಿ!"